ಅಕ್ಕಿಗೊಂದು ಅಂಗಡಿ, ಸೊಪ್ಪಿಗೊಂದು ಅಂಗಡಿ: ಬೆಂಗಳೂರಿನಲ್ಲಿ ಯಾವ ಸಾಮಾನು ಎಲ್ಲಿ ಕೊಂಡರೆ ಲಾಭ?

ಬೆಂಗಳೂರಿನಲ್ಲಿ ಹೊಸದಾಗಿ ಮನೆ ಮಾಡಿದವರು ತಿಂಗಳೊಳಗೆ ಕೇಳುವ ಪ್ರಶ್ನೆ ಇದು: "ದಿನಸಿಗೆ ಯಾವ ಅಂಗಡಿ ಅಗ್ಗ?" ಒಂದೇ ಅಂಗಡಿಯ ಹೆಸರು ಹೇಳಿ ಕಳಿಸುವ ಹಾಗಿಲ್ಲ. ಬೀದಿ ಕೊನೆಯ ಕಿರಾಣಿ ಅಂಗಡಿ, ಡಿಮಾರ್ಟ್‌ನಂಥ ದೊಡ್ಡ ಮಳಿಗೆ, ಯಶವಂತಪುರದ ಎಪಿಎಂಸಿ ಅನ್ನುವ ಸಗಟು ಮಂಡಿ, ಹಣ್ಣು ತರಕಾರಿಯ ಸಹಕಾರಿ ಮಳಿಗೆ ಹಾಪ್‌ಕಾಮ್ಸ್, ತಳ್ಳುಗಾಡಿ, ಹತ್ತು ನಿಮಿಷದಲ್ಲಿ ತಂದುಕೊಡುವ ಆ್ಯಪ್, ಇವರಲ್ಲಿ ಯಾರೂ ನಷ್ಟ ಮಾಡಿಕೊಳ್ಳಲು ಅಂತ ಅಂಗಡಿ ಇಟ್ಟಿಲ್ಲ. ಸಕ್ಕರೆಯಲ್ಲಿ ಬಿಟ್ಟ ಎರಡು ರೂಪಾಯಿಯನ್ನು ಗೋಡಂಬಿಯಲ್ಲಿ ಹಿಡಿಯುತ್ತಾರೆ. ಹಾಗಾಗಿ ಸಾಮಾನು ಸಾಮಾನಿಗೂ ಅಂಗಡಿ ಗೊತ್ತು ಮಾಡಿಕೊಳ್ಳಬೇಕು. ಆದರೆ ಆ ಅಂಗಡಿಗಳು ಮೂರು ದಾಟಬಾರದು. ದಾಟಿದರೆ ಉಳಿಸಿದ್ದೆಲ್ಲ ಆಟೋಗೋ ಪೆಟ್ರೋಲಿಗೋ ಹೋಗುತ್ತದೆ. ಇಲ್ಲಿನ ಹೋಲಿಕೆ ನಾಲ್ಕು ಜನರ ಮನೆಯ ಲೆಕ್ಕದ್ದು. ಒಬ್ಬರೇ ಇರುವವರಿಗೆ ಲೆಕ್ಕ ಬೇರೆ, ಅದನ್ನು ಕೊನೆಯ ಕಡೆ ಹೇಳುತ್ತೇನೆ.

ಮೊದಲು ಪ್ಯಾಕೆಟ್ ಓದೋಣ

ಅಂಗಡಿ ಹೋಲಿಸುವ ಮೊದಲು ಪ್ಯಾಕೆಟ್ ಹೋಲಿಸಲು ಬರಬೇಕು. ಮೊದಲೆಲ್ಲ ಎಣ್ಣೆ, ಚಹಾಪುಡಿ, ಬಿಸ್ಕತ್ತು, ಹಿಟ್ಟು ಇವನ್ನು ಇಷ್ಟಿಷ್ಟೇ ಗ್ರಾಂ ಪ್ಯಾಕೆಟ್‌ನಲ್ಲಿ ಮಾರಬೇಕು ಅಂತ ಸರ್ಕಾರದ ನಿಯಮವೇ ಇತ್ತು. 2022ರಲ್ಲಿ ಆ ಪಟ್ಟಿ ಹೋಯಿತು. ಈಗ ಕಂಪನಿಗಳು ತಮಗೆ ಬೇಕಾದ ತೂಕದಲ್ಲಿ ಪ್ಯಾಕೆಟ್ ಮಾಡುತ್ತವೆ. ಅದಕ್ಕೆ ಬದಲಾಗಿ, ಗ್ರಾಂಗೆ ಅಥವಾ ಕೆಜಿಗೆ ಎಷ್ಟು ಬಿತ್ತು ಅನ್ನೋದನ್ನು ಎಂಆರ್‌ಪಿ ಜೊತೆ ಮುದ್ರಿಸಬೇಕು ಅಂತ ಬಂತು. ಪ್ಯಾಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಇರುತ್ತದೆ, ಕನ್ನಡಕ ಬೇಕಾಗಬಹುದು. ಒಂದು ಕೆಜಿಗಿಂತ ಕಡಿಮೆ ಇದ್ದರೆ ಗ್ರಾಂ ಲೆಕ್ಕ, ಹೆಚ್ಚಿದ್ದರೆ ಕೆಜಿ ಲೆಕ್ಕ. ಒಂದರಲ್ಲಿ "₹0.18 ಪ್ರತಿ ಗ್ರಾಂ", ಪಕ್ಕದ್ದರಲ್ಲಿ "₹172 ಪ್ರತಿ ಕೆಜಿ" ಅಂತ ಇದ್ದರೆ ಗಲಿಬಿಲಿ ಬೇಡ. ಗ್ರಾಂ ದರವನ್ನು ಸಾವಿರದಿಂದ ಗುಣಿಸಿ, 180 ಆಯಿತು, ಎರಡನೆಯದೇ ಅಗ್ಗ.

ಹೆಚ್ಚು ಮೋಸ ಹೋಗುವುದು ಅಡುಗೆ ಎಣ್ಣೆಯಲ್ಲಿ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ತೂಕದಲ್ಲಿ ಸುಮಾರು 910 ಗ್ರಾಂ. ಶೆಲ್ಫಿನಲ್ಲಿ ಎರಡು ಕವರ್ ಇವೆ ಅಂದುಕೊಳ್ಳಿ, ನೋಡಲು ಒಂದೇ ಗಾತ್ರ. ಒಂದು 1 ಲೀಟರ್, ಬೆಲೆ 150. ಇನ್ನೊಂದು 142. ಎಂಟು ರೂಪಾಯಿ ಕಡಿಮೆ ಅಂತ ಕೈ ಹೋಗುವುದು ಎರಡನೆಯದಕ್ಕೇ. ಕೆಳಗೆ ನೋಡಿದರೆ ಅದರಲ್ಲಿ ಇರುವುದು 850 ಗ್ರಾಂ. ಲೆಕ್ಕ ಹಾಕಿದರೆ ಮೊದಲನೆಯದು ಕೆಜಿಗೆ 165, ಎರಡನೆಯದು 167. ಟಿನ್ ತರುವವರು ಇನ್ನೂ ಎಚ್ಚರವಾಗಿರಬೇಕು. 15 ಲೀಟರ್ ಟಿನ್ ಬೇರೆ, 15 ಕೆಜಿ ಟಿನ್ ಬೇರೆ. ಲೀಟರ್ ಟಿನ್‌ನಲ್ಲಿ ಇರುವುದು ಹದಿಮೂರೂವರೆ ಕೆಜಿಗಿಂತ ಚೂರು ಹೆಚ್ಚು, ಅಷ್ಟೇ. "ಇಲ್ಲಿ ಟಿನ್ನಿಗೆ ನೂರು ರೂಪಾಯಿ ಕಡಿಮೆ ಸಿಕ್ತು" ಅಂತ ಯಾರಾದರೂ ಹೇಳಿದರೆ ಯಾವ ಟಿನ್ ಅಂತ ಕೇಳಿ.

ದೊಡ್ಡ ಪ್ಯಾಕ್ ಯಾವಾಗಲೂ ಅಗ್ಗ ಅನ್ನುವುದೂ ಪೂರ್ತಿ ನಿಜವಲ್ಲ. ಶಾಂಪೂ ಸ್ಯಾಶೆಯನ್ನು ಬಾಟಲಿಯ ಜೊತೆ ಮಿಲಿ ಲೆಕ್ಕದಲ್ಲಿ ಒಮ್ಮೆ ಹೋಲಿಸಿ ನೋಡಿ. ಎಷ್ಟೋ ಬ್ರಾಂಡ್‌ಗಳಲ್ಲಿ ಸ್ಯಾಶೆಯೇ ಕಡಿಮೆಗೆ ಬೀಳುತ್ತದೆ. ಹತ್ತು ರೂಪಾಯಿ ಬಿಸ್ಕತ್ತಿನಲ್ಲೂ ಹಾಗೇ ಆಗುವುದುಂಟು.

ಪ್ರತಿ ತಿಂಗಳೂ ಕೊಳ್ಳುವ ಹತ್ತು ಹನ್ನೆರಡು ಸಾಮಾನಿನ ಕೆಜಿ ದರವನ್ನು ಡೈರಿಯ ಕೊನೆ ಪುಟದಲ್ಲಿ ಬರೆದಿಟ್ಟುಕೊಳ್ಳಿ. ಅಕ್ಕಿ, ತೊಗರಿಬೇಳೆ, ಉದ್ದು, ಎಣ್ಣೆ, ಸಕ್ಕರೆ, ಬೆಲ್ಲ, ಕಾಫಿಪುಡಿ, ತುಪ್ಪ, ಒಣಮೆಣಸಿನಕಾಯಿ ಇಷ್ಟಿದ್ದರೆ ಸಾಕು. ಉಪ್ಪು, ಸಾಸಿವೆ, ಜೀರಿಗೆಗೆ ತಲೆ ಕೆಡಿಸಿಕೊಳ್ಳಬೇಡಿ. ಅದರಲ್ಲಿ ವರ್ಷವಿಡೀ ಉಳಿಸಿದರೂ ಒಂದು ಮಸಾಲೆ ದೋಸೆ ದುಡ್ಡಾಗುವುದಿಲ್ಲ.

ಅಕ್ಕಿ, ಬೇಳೆ: ಕಿರಾಣಿಯೋ, ಮಂಡಿಯೋ?

ತಿಂಗಳ ಬಿಲ್ಲಿನಲ್ಲಿ ಭಾರಿ ಪಾಲು ಇವೆರಡರದ್ದು. 2022ರ ಜುಲೈ 18ರಿಂದ, ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕೆಜಿವರೆಗಿನ ಅಕ್ಕಿ, ಬೇಳೆ, ಹಿಟ್ಟಿಗೆ ಶೇ. 5 ಜಿಎಸ್‌ಟಿ ಬಂತು. ಲೂಸ್ ಆಗಿ ತೂಗಿ ಕೊಟ್ಟರೆ ತೆರಿಗೆ ಇಲ್ಲ, 25 ಕೆಜಿ ಮೀರಿದ ಮೂಟೆಗೂ ಇಲ್ಲ. ಇದಾದ ಮೇಲೆಯೇ ಅಂಗಡಿಗಳಲ್ಲಿ 26 ಕೆಜಿ ಸೋನಾ ಮಸೂರಿ ಮೂಟೆ ಕಾಣಿಸಿಕೊಂಡಿದ್ದು. 25ರ ಮೂಟೆಯನ್ನೂ 26ರ ಮೂಟೆಯನ್ನೂ ಹೋಲಿಸುವಾಗ ಮೂಟೆ ಬೆಲೆ ನೋಡಬೇಡಿ, ಭಾಗಿಸಿ ಕೆಜಿ ದರ ನೋಡಿ. ಕೆಜಿಗೆ 60ರ ಆಸುಪಾಸಿನ ಅಕ್ಕಿಯಲ್ಲಿ ತೆರಿಗೆಯೇ ಮೂರು ರೂಪಾಯಿ.

ಎಪಿಎಂಸಿಗೆ ಹೋಗಬೇಕೇ? ಯಶವಂತಪುರದ ಮಂಡಿಯಲ್ಲಿ ದರ ಕಡಿಮೆ ಇರುತ್ತದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಅಲ್ಲಿಗೆ ಹೋಗಿಬರುವ ಖರ್ಚನ್ನೂ ಸೇರಿಸಿ. 2025ರ ಆಗಸ್ಟ್‌ನಿಂದ ಬೆಂಗಳೂರಿನಲ್ಲಿ ಆಟೋ ಮೀಟರ್ ಮೊದಲ ಎರಡು ಕಿಲೋಮೀಟರ್‌ಗೆ 36, ಆಮೇಲೆ ಕಿಲೋಮೀಟರ್‌ಗೆ 18. ಹತ್ತು ಕಿಲೋಮೀಟರ್ ದೂರದ ಮನೆಗೆ ಒಂದು ಕಡೆಗೆ 180, ಹೋಗಿಬರಲು 360. ಅದೂ ಮೀಟರ್ ಹಾಕಿದರೆ! ಕೆಜಿಗೆ ಐದು ರೂಪಾಯಿ ಉಳಿಯುತ್ತದೆ ಅಂದುಕೊಂಡರೂ 72 ಕೆಜಿ ಕೊಂಡಾಗ ಬರೀ ಆಟೋ ದುಡ್ಡು ಹುಟ್ಟಿತು. ಒಂದೇ ಮೂಟೆಗೆ ಮಂಡಿಗೆ ಹೋಗುವುದು ವ್ಯರ್ಥ. ಮೂರು ನಾಲ್ಕು ಮನೆಯವರು ಸೇರಿ, ಒಂದು ಕಾರಿನಲ್ಲಿ, ಮೂರು ತಿಂಗಳಿಗೊಮ್ಮೆ ಹೋಗಿ ಅಕ್ಕಿ, ಬೇಳೆ, ಬೆಲ್ಲ, ಒಣಮೆಣಸಿನಕಾಯಿ ತಂದು ಹಂಚಿಕೊಂಡರೆ ಲಾಭ ಇದೆ. ಅಪಾರ್ಟ್‌ಮೆಂಟ್‌ಗಳಲ್ಲಿ ವಾಟ್ಸಾಪ್ ಗುಂಪು ಹೇಗೂ ಇರುತ್ತದೆ, ಗುಡ್ ಮಾರ್ನಿಂಗ್ ಚಿತ್ರಗಳ ನಡುವೆ ಇದಕ್ಕೂ ಬಳಸಬಹುದು.

ಕಿರಾಣಿ ಅಂಗಡಿಯ ಪರವಾಗಿ ನಾನು ಹೇಳುವುದು ದರದ ಮಾತಲ್ಲ. ಚೀಟಿ ಕೊಟ್ಟರೆ ಸಾಮಾನು ಮನೆಗೆ ಬರುತ್ತದೆ, ಆಟೋ ಖರ್ಚಿಲ್ಲ. ಅಕ್ಕಿ ಮುದ್ದೆ ಆಯ್ತು, ಬೇಳೆ ಬೇಯಲಿಲ್ಲ ಅಂದರೆ ಖಾಯಂ ಗಿರಾಕಿಗೆ ಬದಲಾಯಿಸಿ ಕೊಡುತ್ತಾರೆ. ದೊಡ್ಡ ಮಳಿಗೆಯಲ್ಲಿ ಮೂಟೆ ಬಿಚ್ಚಿದ ಮೇಲೆ ಅದು ನಿಮ್ಮ ಹಣೆಬರಹ. ಎಲ್ಲಕ್ಕಿಂತ ಮುಖ್ಯವಾಗಿ, ಚೀಟಿಯಲ್ಲಿ ಇಲ್ಲದ್ದು ಮನೆಗೆ ಬರುವುದಿಲ್ಲ. ಉದ್ರಿ ಮಾತ್ರ ಬೇಡ. ಲೆಕ್ಕದ ಪುಸ್ತಕದಲ್ಲಿ ಬರೆಸಿ ತಿಂಗಳ ಕೊನೆಗೆ ಕೊಡುವವರು ಚೌಕಾಸಿ ಮಾಡಲು ಬಾಯಿ ಬಿಡುವ ಹಾಗಿಲ್ಲ, ಕೈಯಲ್ಲಿ ನಗದು ಇದ್ದವರಿಗೆ ಬಿಡುವ ಐದು ಹತ್ತು ಅವರಿಗೆ ಬಿಡುವುದೂ ಇಲ್ಲ.

ಹಳೆ ಅಕ್ಕಿ, ಹೊಸ ಅಕ್ಕಿ ಹೋಲಿಕೆಯಲ್ಲಿ ನನ್ನ ಮತ ಹಳೆಯದಕ್ಕೆ. ಕೆಜಿಗೆ ಕೆಲವು ರೂಪಾಯಿ ಹೆಚ್ಚು ಕೊಡಬೇಕು, ಆದರೆ ನೀರು ಹೆಚ್ಚು ಎಳೆದು ಅನ್ನ ಚೆನ್ನಾಗಿ ಒದಗುತ್ತದೆ, ಉದುರಾಗಿಯೂ ಇರುತ್ತದೆ. ಒಂದು ಪಾವಿಗೆ ಎಷ್ಟು ಜನ ಉಣ್ಣುತ್ತಾರೆ ಅಂತ ನೋಡಿದರೆ ವ್ಯತ್ಯಾಸ ಬಹುಪಾಲು ಸರಿಹೋಗುತ್ತದೆ. ಹೊಸ ಅಕ್ಕಿ ಪೊಂಗಲ್‌ಗೆ, ಬಿಸಿಬೇಳೆ ಬಾತಿಗೆ ಚೆಂದ. ದೋಸೆಗೆ ಸೋನಾ ಮಸೂರಿ ನೆನೆಹಾಕುವುದು ದುಂದು. ದೋಸೆ ಅಕ್ಕಿ ಅಂತಲೇ ಕಡಿಮೆ ಬೆಲೆಗೆ ಸಿಗುತ್ತದೆ. ಪಡಿತರ ಚೀಟಿ ಇರುವ ಮನೆಯಲ್ಲಿ ನ್ಯಾಯಬೆಲೆ ಅಂಗಡಿಯ ಅಕ್ಕಿ ದೋಸೆ, ಇಡ್ಲಿ, ರೊಟ್ಟಿಗೆ ಚೆನ್ನಾಗಿಯೇ ಆಗುತ್ತದೆ.

ಬೇಳೆ ಸಗಟಾಗಿ ತಂದರೆ ಹುಳದ ಭಯ. ತೊಗರಿಬೇಳೆಗೆ ಚೂರು ಹರಳೆಣ್ಣೆ ಸವರಿ, ಬಿಸಿಲಿಗೆ ಹರವಿ, ಆರಿದ ಮೇಲೆ ಗಾಳಿಯಾಡದ ಡಬ್ಬಕ್ಕೆ ತುಂಬುವುದು ಹಳೆಯ ಕ್ರಮ, ಈಗಲೂ ಅದೇ ಒಳ್ಳೆಯದು. ರವೆಯನ್ನು ತಂದ ದಿನವೇ ಹುರಿದಿಡಿ. ಇಷ್ಟಕ್ಕೆ ಪುರುಸೊತ್ತಿಲ್ಲ ಅಂದರೆ ಒಂದೊಂದು ಕೆಜಿ ಪ್ಯಾಕೆಟ್ ತರುವುದೇ ಜಾಣತನ. ಹುಳ ಹಿಡಿದು ಎಸೆದ ಬೇಳೆಯಷ್ಟು ದುಬಾರಿ ಬೇಳೆ ಇನ್ನೊಂದಿಲ್ಲ.

ತರಕಾರಿ: ಯಾವ ಹೊತ್ತಿಗೆ ಹೋಗುತ್ತೀರಿ ಅನ್ನೋದರ ಮೇಲೆ

ದಿನಸಿಯಲ್ಲಿ ಅಂಗಡಿ ಮುಖ್ಯ, ತರಕಾರಿಯಲ್ಲಿ ಹೊತ್ತು ಮುಖ್ಯ. ಅದೇ ಸೊಪ್ಪು ಬೆಳಿಗ್ಗೆ ಏಳಕ್ಕೆ ಒಂದು ದರ, ರಾತ್ರಿ ಎಂಟಕ್ಕೆ ಇನ್ನೊಂದು. ಮಡಿವಾಳದಲ್ಲೋ ಗಾಂಧಿಬಜಾರಿನಲ್ಲೋ ಕತ್ತಲಾದ ಮೇಲೆ ಹೋಗಿ ನೋಡಿ. ಗೋಣಿತಾಟಿನ ಮೇಲೆ ದಂಟು, ಮೆಂತ್ಯ, ಪಾಲಕ್ ಕೊನೆ ಕೊನೆ ಕಟ್ಟುಗಳು ಉಳಿದಿರುತ್ತವೆ. ನೀರು ಚಿಮುಕಿಸಿದ್ದರೂ ಅಂಚು ಬಾಡಿರುತ್ತದೆ. "ಅಣ್ಣಾ, ನಾಲ್ಕೂ ತಗೊಂಡ್ರೆ ಎಷ್ಟು?" ಅಂತ ಕೇಳಿದರೆ, "ಮೂವತ್ತು ಕೊಟ್ಟು ತಗೊಂಡೋಗಿ ಅಕ್ಕಾ, ಮನೆಗೆ ಹೋಗ್ಬೇಕು" ಅನ್ನುತ್ತಾರೆ. ಬೆಳಿಗ್ಗೆ ಅದೇ ದುಡ್ಡಿಗೆ ಎರಡೂ ಸಿಕ್ಕಿರುವುದಿಲ್ಲ. ಆದರೆ ಆ ಸೊಪ್ಪು ಮರುದಿನ ಬೆಳಿಗ್ಗೆಯೇ ಸಾರಾಗಬೇಕು. ಫ್ರಿಜ್‌ನಲ್ಲಿಟ್ಟು ಮೂರನೇ ದಿನ ಎಸೆಯುವವರು ಬೆಳಗಿನ ಸೊಪ್ಪನ್ನೇ ಎರಡು ಕಟ್ಟು ತರಲಿ. ಇಷ್ಟು ಬಿಟ್ಟುಕೊಟ್ಟವರ ಹತ್ತಿರ ಇನ್ನೂ ಐದು ರೂಪಾಯಿಗೆ ಎಳೆದಾಡಬಾರದು ಅನ್ನುವುದು ನನ್ನ ಅಭಿಪ್ರಾಯ. ಕೊಸರು ಕೇಳಿ, ನಾಲ್ಕು ಮೆಣಸಿನಕಾಯಿ, ಒಂದೆಸಳು ಕರಿಬೇವು ಸಂತೋಷವಾಗಿ ಹಾಕುತ್ತಾರೆ.

ಹಾಪ್‌ಕಾಮ್ಸ್ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾದದ್ದು. ಅಲ್ಲಿ ಚೌಕಾಸಿ ಇಲ್ಲ, ದರದ ಬೋರ್ಡ್ ಇರುತ್ತದೆ, ತೂಕ ಸರಿಯಾಗಿರುತ್ತದೆ. ತಳ್ಳುಗಾಡಿಗಿಂತ ಕೆಲವು ತರಕಾರಿ ಅಗ್ಗ, ಕೆಲವು ಅಲ್ಲ. ನಾನು ಅದನ್ನು ಹೆಚ್ಚಾಗಿ ಬಳಸುವುದು ಅಳತೆಗೋಲಾಗಿ. ದಿನದ ದರಪಟ್ಟಿ ಅವರ ವೆಬ್‌ಸೈಟಿನಲ್ಲೇ ಸಿಗುತ್ತದೆ. ಬೀನ್ಸ್ ಅಲ್ಲಿ ಎಷ್ಟಿದೆ ಅಂತ ನೋಡಿಕೊಂಡು ಗಾಡಿಯವರ ಹತ್ತಿರ ಹೋದರೆ ಯಾವ ದರಕ್ಕೆ ಸುಮ್ಮನಿರಬೇಕು, ಯಾವುದಕ್ಕೆ ಬಾಯಿ ಬಿಡಬೇಕು ಅಂತ ಗೊತ್ತಾಗುತ್ತದೆ. ಹಣ್ಣಿಗೆ ಮಾತ್ರ ನೇರವಾಗಿ ಹಾಪ್‌ಕಾಮ್ಸ್‌ಗೇ ಹೋಗಿ, ದ್ರಾಕ್ಷಿ ಕಲ್ಲಂಗಡಿ ಮೇಳ, ಮಾವಿನ ಮೇಳದ ರಿಯಾಯಿತಿ ಇದ್ದಾಗಲಂತೂ ಬಿಡಬೇಡಿ.

ಕೆ.ಆರ್. ಮಾರ್ಕೆಟ್, ಕಲಾಸಿಪಾಳ್ಯದ ದರಕ್ಕೆ ಸಾಟಿ ಇಲ್ಲ, ಆದರೆ ಕಾಲು ಕೆಜಿ ಅರ್ಧ ಕೆಜಿ ಕೇಳಿದರೆ ಮುಖ ಸಿಂಡರಿಸುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಿಎಂಟಿಸಿ ಸಾಮಾನ್ಯ ಬಸ್ಸಿನ ಖರ್ಚು ಇಲ್ಲ. ವಾರಕ್ಕೊಮ್ಮೆ ಎರಡು ಬಟ್ಟೆ ಚೀಲ ಹಿಡಿದು ಹೋಗಿಬರುವ ಶಕ್ತಿ, ಹೊತ್ತು ಇದ್ದವರಿಗೆ ಇದಕ್ಕಿಂತ ಉಳಿತಾಯದ ದಾರಿ ಇಲ್ಲ.

ಈರುಳ್ಳಿ ಬಗ್ಗೆ ಒಂದು ಮಾತು. ಮಳೆಗಾಲ ಮುಗಿಯುವ ಹೊತ್ತಿಗೆ ಚಿತ್ರದುರ್ಗ, ಗದಗ ಕಡೆಯಿಂದ ಬರುವ ಹೊಸ ಈರುಳ್ಳಿ ಅಗ್ಗವಾಗಿರುತ್ತದೆ, ಆದರೆ ಹಸಿ, ಬಾಳಿಕೆ ಬರುವುದಿಲ್ಲ. ಹತ್ತು ಕೆಜಿ ಚೀಲ ತಂದರೆ ಎರಡು ವಾರಕ್ಕೆ ಮೂರು ಕೆಜಿ ಕೊಳೆತಿರುತ್ತದೆ. ಬೇಸಿಗೆಯ ಒಣ ಈರುಳ್ಳಿಯನ್ನಾದರೆ ಧೈರ್ಯವಾಗಿ ಚೀಲಗಟ್ಟಲೆ ತರಬಹುದು.

ಟೊಮೆಟೊ 2023ರ ಜುಲೈನಲ್ಲಿ ಕೆಜಿಗೆ ನೂರು ದಾಟಿದ್ದು, ಕೋಲಾರದಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರದ ಮೇಲೆ ಹೋಗಿದ್ದು ಎಲ್ಲರಿಗೂ ನೆನಪಿದೆ. ಅಂಥ ಹೊತ್ತಿನಲ್ಲಿ ಯಾವ ಅಂಗಡಿ ಹೋಲಿಸಿಯೂ ಪ್ರಯೋಜನವಿಲ್ಲ. ಹುಣಸೆಹಣ್ಣು, ನಿಂಬೆಹಣ್ಣು, ಮಜ್ಜಿಗೆಹುಳಿ ಇರುವ ಅಡುಗೆಮನೆ ಟೊಮೆಟೊಗಾಗಿ ಅಳಬೇಕಾಗಿಲ್ಲ.

ದೊಡ್ಡ ಮಳಿಗೆ ಮತ್ತು ಆ್ಯಪ್

ಡಿಮಾರ್ಟ್‌ನಂಥ ಮಳಿಗೆ ಗೆಲ್ಲುವುದು ಎಂಆರ್‌ಪಿ ಇರುವ ಸಾಮಾನಿನಲ್ಲಿ: ಸೋಪು, ಬಟ್ಟೆ ಪುಡಿ, ಟೂತ್‌ಪೇಸ್ಟ್, ಚಹಾಪುಡಿ, ಎಣ್ಣೆ, ತುಪ್ಪ. ಎಂಆರ್‌ಪಿ ಅಂದರೆ ಗರಿಷ್ಠ ಬೆಲೆ, ಅದರ ಕೆಳಗೆ ಎಷ್ಟಕ್ಕೆ ಬೇಕಾದರೂ ಮಾರಬಹುದು. ಸೋತು ಬರುವುದು ಅಲ್ಲಿ ಸುತ್ತುವ ಹೊತ್ತಿನಲ್ಲಿ. ಪ್ಲಾಸ್ಟಿಕ್ ಡಬ್ಬ, ಕಾಲೊರಸು, ಮಕ್ಕಳ ಚಾಕೊಲೇಟ್ ಎಲ್ಲ ದಾರಿಯಲ್ಲೇ ಇರುತ್ತವೆ. ಶನಿವಾರ ಸಂಜೆ ಇಡೀ ಸಂಸಾರ ಹೋಗಬೇಡಿ. ವಾರದ ನಡುವೆ ಒಬ್ಬರೇ, ಹೊಟ್ಟೆ ತುಂಬಿಸಿಕೊಂಡು, ಚೀಟಿ ಹಿಡಿದು ಹೋಗಿ. ಎರಡು ತಿಂಗಳಿಗೊಮ್ಮೆ ಸಾಕು. ಸೋಪು, ಬಟ್ಟೆ ಪುಡಿ ಕೆಡುವುದಿಲ್ಲವಲ್ಲ.

ಆ್ಯಪ್‌ನಲ್ಲಿ ಸಾಮಾನಿನ ಬೆಲೆ ನೋಡಿ ಮೋಸ ಹೋಗಬಾರದು, ಕೊನೆಯ ಬಿಲ್ ನೋಡಬೇಕು. ಡೆಲಿವರಿ, ಹ್ಯಾಂಡ್ಲಿಂಗ್, ಸಣ್ಣ ಆರ್ಡರ್ ಎಂಬ ದಂಡ, ಮಳೆ ಬಂದರೆ ಮಳೆಗೊಂದು. ಹತ್ತು ರೂಪಾಯಿಯ ಕೊತ್ತಂಬರಿ ಐವತ್ತಾಗಿರುತ್ತದೆ. ಅದನ್ನು ತಪ್ಪಿಸಲು "ಇನ್ನು 60 ರೂಪಾಯಿ ಸೇರಿಸಿ, ಡೆಲಿವರಿ ಉಚಿತ" ಅಂತ ಬರುತ್ತದಲ್ಲ, ನಿಜವಾದ ಸೋರಿಕೆ ಅದು. ಇಪ್ಪತ್ತೈದು ಉಳಿಸಲು ಅರವತ್ತರ ಚಿಪ್ಸ್. ಇನ್ನೊಂದು, ಕೈಯಲ್ಲಿ ಆ್ಯಪ್ ಇದ್ದರೆ ಮನೆಯಲ್ಲಿ ಇರುವುದರಲ್ಲೇ ಅಡುಗೆ ಮಾಡೋಣ ಅನ್ನುವ ಅಭ್ಯಾಸ ತಪ್ಪುತ್ತದೆ. ಕ್ಯಾರೆಟ್ ಇದ್ದರೂ ಕ್ಯಾಪ್ಸಿಕಂ ತರಿಸುತ್ತೇವೆ.

ಆದರೂ ಆ್ಯಪ್ ಪೂರ್ತಿ ಬೇಡ ಅನ್ನಲಾರೆ. ರಾತ್ರಿ ಹತ್ತಕ್ಕೆ ಮಗುವಿನ ಹಾಲಿನಪುಡಿ ಮುಗಿದರೆ ಅದೇ ಗತಿ. ಒಬ್ಬರೇ ಇರುವವರಿಗೆ 26 ಕೆಜಿ ಮೂಟೆ, ಮೂರು ಕಟ್ಟು ಸೊಪ್ಪು ಯಾವುದೂ ಒಗ್ಗುವುದಿಲ್ಲ. ಎರಡು ಕ್ಯಾರೆಟ್, ಕಾಲು ಕೆಜಿ ಬೀನ್ಸ್ ಹಾಪ್‌ಕಾಮ್ಸ್‌ನಲ್ಲಿ ಆರಿಸಿ ತಂದು, ಉಳಿದದ್ದನ್ನು ವಾರಕ್ಕೆ ಒಂದೇ ಆರ್ಡರ್ ಮಾಡಿ ಉಚಿತ ಡೆಲಿವರಿ ಮಿತಿ ದಾಟಿಸಿಕೊಳ್ಳುವುದೇ ಅವರಿಗೆ ಲಾಭ. ವಾರವಿಡೀ ನೆನಪಾದದ್ದನ್ನು ಕಾರ್ಟಿಗೆ ಹಾಕುತ್ತಾ ಹೋಗಿ, ಭಾನುವಾರ ನೋಡಿ. ಅರ್ಧ ತೆಗೆದು ಹಾಕುವಂಥದ್ದೇ ಇರುತ್ತದೆ.

ಹಾಲು ಎಲ್ಲಿ ಕೊಂಡರೂ ಒಂದೇ ದರ. ಅಂಗಡಿಯವರು ಫ್ರಿಜ್ ಖರ್ಚು ಅಂತ ಪ್ಯಾಕೆಟ್ಟಿಗೆ ಒಂದು ರೂಪಾಯಿ ಹೆಚ್ಚು ಕೇಳಿದರೆ ಕೊಡಬೇಕಾಗಿಲ್ಲ, ಎಂಆರ್‌ಪಿ ಮೀರುವುದು ಕಾನೂನಿಗೆ ವಿರುದ್ಧ. ನಂದಿನಿ ಬೂತ್ ಹತ್ತಿರ ಇದ್ದರೆ ಅಲ್ಲೇ ತನ್ನಿ. ಲೆಕ್ಕ ಹಾಕುವ ಅಭ್ಯಾಸಕ್ಕೆ ಹಾಲಿನಿಂದಲೇ ಒಂದು ಉದಾಹರಣೆ: 2024ರ ಜೂನ್‌ನಲ್ಲಿ ನಂದಿನಿ ನೀಲಿ ಪ್ಯಾಕೆಟ್ 500 ಮಿಲಿಗೆ 22 ಇದ್ದದ್ದು 550 ಮಿಲಿಗೆ 24 ಆಯಿತು. ಲೀಟರ್ ಲೆಕ್ಕದಲ್ಲಿ ಏರಿಕೆಯೇ ಇಲ್ಲ, 44 ರೂಪಾಯಿಯಿಂದ ಚೂರು ಇಳಿಯಿತು. ಆದರೆ ದಿನಕ್ಕೆ ಎರಡು ಪ್ಯಾಕೆಟ್ ತರುವ ಮನೆಯಲ್ಲಿ ತಿಂಗಳಿಗೆ 120 ರೂಪಾಯಿ ಹೆಚ್ಚು ಹೋಯಿತು. ಹೆಚ್ಚಿಗೆ ಬಂದ ಹಾಲನ್ನು ಮೊಸರಿಗೆ ಹಾಕಿಕೊಂಡವರಿಗೆ ನಷ್ಟವಿಲ್ಲ, ಸುಮ್ಮನೆ ಕಾಫಿಗೆ ಜಾಸ್ತಿ ಸುರಿದವರಿಗೆ ಅದು ಏರಿಕೆಯೇ.

ತಿಂಗಳಿಗೋ, ವರ್ಷಕ್ಕೋ?

ಕೆಲವು ಸಾಮಾನು ತಿಂಗಳ ಚೀಟಿಯಲ್ಲಿ ಇರಲೇಬಾರದು. ಬ್ಯಾಡಗಿ ಮೆಣಸಿನಕಾಯಿ ಜನವರಿಯಿಂದ ಮಾರ್ಚ್‌ವರೆಗೆ ಮಾರುಕಟ್ಟೆಗೆ ಧಾರಾಳವಾಗಿ ಬರುತ್ತದೆ. ಕಲಬುರಗಿ ಕಡೆಯ ತೊಗರಿ ಕೊಯ್ಲೂ ಆಗಷ್ಟೇ ಮುಗಿದಿರುತ್ತದೆ. ಹೊಸ ಹುಣಸೆ ಫೆಬ್ರವರಿ, ಮಾರ್ಚ್‌ನಲ್ಲಿ. ಮೂರನ್ನೂ ಯುಗಾದಿಯ ಒಳಗೆ ವರ್ಷಕ್ಕಾಗುವಷ್ಟು ತಂದು, ಬಿಸಿಲು ಇರುವಾಗಲೇ ಒಣಗಿಸಿ ಇಟ್ಟರೆ ಮಳೆಗಾಲದ ದರಕ್ಕೆ ತಲೆ ಕೊಡಬೇಕಾಗಿಲ್ಲ. ಹುಣಸೆಯಲ್ಲಿ ಬೀಜ ಇರುವುದು, ಬೀಜ ತೆಗೆದದ್ದು ಎರಡೂ ಸಿಗುತ್ತವೆ. ಬೀಜ, ನಾರು ಹೋದ ಮೇಲೆ ಕೈಗೆ ಉಳಿಯುವುದು ಅರ್ಧಕ್ಕಿಂತ ಚೂರು ಹೆಚ್ಚು ಅಷ್ಟೇ. ಬೀಜ ತೆಗೆದದ್ದಕ್ಕೆ ಒಂದೂವರೆ ಪಟ್ಟು ಕೇಳಿದರೂ ಕಣ್ಣು ಮುಚ್ಚಿ ಅದನ್ನೇ ತನ್ನಿ. ಸಾರಿನ ಪುಡಿಯನ್ನು ಮಿಲ್ಲಿಗೆ ಕೊಟ್ಟು ಮಾಡಿಸುವುದಕ್ಕೂ ನೂರು ಗ್ರಾಂ ಪ್ಯಾಕೆಟ್ ತರುವುದಕ್ಕೂ ಹೋಲಿಕೆಯೇ ಇಲ್ಲ. ರಾಗಿ ತೊಳೆದು ಒಣಗಿಸಿ ಹಿಟ್ಟು ಮಾಡಿಸುವುದು ಮಾತ್ರ ತಾರಸಿ, ಬಿಸಿಲು, ಬಿಡುವು ಮೂರೂ ಇದ್ದವರ ಕೆಲಸ. ಇಲ್ಲದವರು ಮಿಲ್ಲಿನಲ್ಲೇ ಬೀಸಿಟ್ಟ ಲೂಸ್ ಹಿಟ್ಟು ತರಬಹುದು.

ಹಾಗಾದರೆ ಕ್ರಮ ಹೀಗೆ ಬರುತ್ತದೆ: ವರ್ಷಕ್ಕೊಮ್ಮೆ ಮೆಣಸಿನಕಾಯಿ ಹುಣಸೆ, ಎರಡು ತಿಂಗಳಿಗೊಮ್ಮೆ ದೊಡ್ಡ ಮಳಿಗೆ, ತಿಂಗಳಿಗೊಮ್ಮೆ ಕಿರಾಣಿ ಚೀಟಿ, ವಾರಕ್ಕೊಮ್ಮೆ ತರಕಾರಿ, ಮಧ್ಯೆ ಸೊಪ್ಪು. ವಯಸ್ಸಾದವರೇ ಇರುವ ಮನೆಯಲ್ಲಿ ಇಷ್ಟೆಲ್ಲ ಓಡಾಟ ಬೇಡ. ಕಿರಾಣಿ ಅಂಗಡಿ, ಬಾಗಿಲಿಗೆ ಬರುವ ತಳ್ಳುಗಾಡಿ ಎರಡೇ ಸಾಕು. ಹೆಚ್ಚು ಕೊಟ್ಟ ಹತ್ತಿಪ್ಪತ್ತು ರೂಪಾಯಿ ಮಂಡಿನೋವಿನ ಮಾತ್ರೆಗಿಂತ ಅಗ್ಗ.

ಹಬ್ಬದ ವಾರದಲ್ಲಿ ಮಾತ್ರ ಈ ಕ್ರಮ ಯಾವುದೂ ನಡೆಯುವುದಿಲ್ಲ. ವರಮಹಾಲಕ್ಷ್ಮಿ, ಗೌರಿ ಗಣೇಶ ಹತ್ತಿರ ಬಂದ ಹಾಗೆ ಹಣ್ಣು, ಹೂವಿನ ದರ ದಿನದಿನಕ್ಕೆ ಏರುತ್ತದೆ. ತೆಂಗಿನಕಾಯಿ, ಬೆಲ್ಲ, ಕಡಲೆಬೇಳೆ, ಕೊಬ್ಬರಿ ಎರಡು ವಾರ ಮೊದಲೇ ತಂದಿಡಿ. ಬಾಳೆಹಣ್ಣು ಕಾಯಿ ಇರುವಾಗಲೇ ನಾಲ್ಕು ದಿನ ಮೊದಲು ತಂದು ಮನೆಯಲ್ಲೇ ಹಣ್ಣಾಗಲು ಬಿಡಬಹುದು. ಹೂವನ್ನು ಮಾತ್ರ ಹಿಂದಿನ ದಿನವೇ, ಕೇಳಿದಷ್ಟು ಕೊಟ್ಟು ತರಬೇಕು.